ಸೈರನ್ ಕೂಗಿದರೆ ಊಟಕ್ಕೆ

ತುಮಕೂರಿನ ಹುಣಸೆಹಣ್ಣಿನ ವ್ಯಾಪಾರ ಬಲ್ಲವರಿಗೆ ಇಲ್ಲಿನ ಶೀತಲಗೃಹಗಳೂ ಗೊತ್ತಿರುತ್ತವೆ. ಬೇಸಿಗೆಯಲ್ಲಿ ಬಂದ ಹಣ್ಣು ಕಪ್ಪಾಗದಂತೆ, ಬೆಲೆ ಏರುವವರೆಗೂ ಅಲ್ಲಿ ಕಾದು ಕೂತಿರುತ್ತದೆ. ಅದನ್ನು ತಣ್ಣಗಿಡುವುದು ಅಮೋನಿಯಾ. ಅಂಥ ಒಂದು ಶೀತಲಗೃಹದ ಯಂತ್ರಗಳ ಉಸ್ತುವಾರಿ ನನ್ನದಾಗಿತ್ತು. ಅನಿಲ ಸೋರಿದರೆ ಯಾರು ಏನು ಮಾಡಬೇಕೆಂದು ಮೇಜಿನ ಸುತ್ತ ಕೂತು ಮಾತಿನಲ್ಲೇ ನಡೆಸಿ ನೋಡುವುದನ್ನು ಕಲಿತದ್ದು ಅಲ್ಲೇ. ತರಬೇತಿಗೆ ಬಂದವರು ಅದನ್ನು ಟೇಬಲ್ ಟಾಪ್ ಎನ್ನುತ್ತಿದ್ದರು. ಗುಬ್ಬಿ ವೀರಣ್ಣನವರ ಜಿಲ್ಲೆಯವನು ನಾನು, ತಾಲೀಮು ಎಂದೇ ಕರೆಯುತ್ತೇನೆ.

ಮೊದಲ ತಾಲೀಮನ್ನು ನಾನೇ ಕೆಡಿಸಿದೆ. ಭೂಕಂಪ, ಬೆಂಕಿ, ಸೋರಿಕೆ ಮೂರನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಿದ್ದೆ. ಸಾಹುಕಾರರು ಮೇಜಿನ ತಲೆಯಲ್ಲಿ ಕೂತಿದ್ದರು. ಪ್ರಶ್ನೆ ಯಾರಿಗೆ ಕೇಳಿದರೂ ಉತ್ತರ ಅವರದೇ. ಉಳಿದವರು ತಲೆಯಾಡಿಸಿ ಬೋಂಡ ತಿಂದು ಎದ್ದರು. ವರದಿಯಲ್ಲಿ ‘ಎಲ್ಲರೂ ಸಹಕರಿಸಿದರು’ ಎಂದು ಬರೆದೆ. ಅದೇನೋ ನಿಜವೇ.

ಎರಡನೆಯ ಸಲ ಸಾಹುಕಾರರ ಬಳಿ ಹೋಗಿ, “ಆ ಹೊತ್ತಿಗೆ ನೀವು ವಿಮಾನದಲ್ಲಿದ್ದೀರಿ, ಮೊಬೈಲ್ ಬಂದ್ ಆಗಿದೆ. ಮೂಲೆಯಲ್ಲಿ ಕೂತು ಕೇಳಬಹುದು, ಮಾತನಾಡುವಂತಿಲ್ಲ” ಎಂದೆ. ನಕ್ಕು ಒಪ್ಪಿಕೊಂಡರು. ಒಂದೇ ಅವಘಡ ಆರಿಸಿಕೊಂಡೆ: ಮಧ್ಯಾಹ್ನ ಹನ್ನೆರಡೂವರೆಗೆ ಕಂಪ್ರೆಸರ್ ಕೋಣೆಯ ವಾಲ್ವ್ ಒಂದು ಸೋರುತ್ತಿದೆ, ಅಷ್ಟೇ. ಆಪರೇಟರ್, ಎಲೆಕ್ಟ್ರಿಷಿಯನ್, ವಾಚ್‌ಮನ್, ಹಮಾಲಿಗಳ ಮೇಸ್ತ್ರಿ, ತೂಕದ ಗುಮಾಸ್ತ, ಜೊತೆಗೆ ಅಂಗಳದಲ್ಲಿ ಹಣ್ಣಿನ ಬೀಜ ಬಿಡಿಸುವ ಇಬ್ಬರು ಹೆಂಗಸರನ್ನು ಕರೆದೆ. “ಅವರೇಕೆ ಸ್ವಾಮಿ?” ಎಂದು ಗುಮಾಸ್ತ ಕೇಳಿದ. ನನ್ನ ಬಳಿಯೂ ಒಳ್ಳೆಯ ಉತ್ತರವಿರಲಿಲ್ಲ. ಅಂಗಳದಲ್ಲಿ ಹೆಚ್ಚು ಜನ ಅವರೇ ಇದ್ದರು ಎಂಬುದಷ್ಟೇ.

ಬಿಳಿ ಹಾಳೆಯ ಮೇಲೆ ಆವರಣದ ನಕ್ಷೆ ಬರೆದೆ. ಬೆಂಕಿಪೊಟ್ಟಣಗಳು ಕೋಣೆಗಳಾದವು, ಹುಣಸೆಬೀಜಗಳು ಜನರಾದವು. ಮುಂದೇನಾಯಿತು ಎಂಬುದನ್ನು ಚೀಟಿಗಳಲ್ಲಿ ಬರೆದಿಟ್ಟುಕೊಂಡು, ಗಡಿಯಾರ ನೋಡಿ ಒಂದೊಂದಾಗಿ ಓದುತ್ತಾ ಹೋದೆ. ನನ್ನ ನಿಯಮ ಒಂದೇ: ‘ನೋಡಿಕೊಳ್ಳುತ್ತೇವೆ’ ಎನ್ನುವಂತಿಲ್ಲ. ಯಾರು, ಎಲ್ಲಿಂದ, ಏನು ಹಿಡಿದು ಹೋಗುತ್ತಾರೆ ಎಂಬುದನ್ನು ಹೇಳಬೇಕು.

“ಮುಖವಾಡ ಹಾಕಿಕೊಂಡು ವಾಲ್ವ್ ಬಂದ್ ಮಾಡುತ್ತೇನೆ” ಎಂದ ಆಪರೇಟರ್.

“ಮುಖವಾಡ ಎಲ್ಲಿದೆ?”

“ಕಂಪ್ರೆಸರ್ ಕೋಣೆಯ ಬೀರುವಿನಲ್ಲಿ.”

ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಅರ್ಥವಾಯಿತು. ಎಲೆಕ್ಟ್ರಿಷಿಯನ್ ಪೈಪ್ ಹಿಡಿದು ನೀರು ಹೊಡೆಯುವುದಾಗಿ ಹೇಳಿದ. ಅಮೋನಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಹಬ್ಬುತ್ತಿರುವ ಆವಿಗೆ ತುಂತುರು ಹೊಡೆಯುವುದು ಸರಿಯೇ. ಆದರೆ ಅದು ಕುದಿಯುವುದು ಸೊನ್ನೆಗಿಂತ 33 ಡಿಗ್ರಿ ಕೆಳಗೆ. ನೆಲದಲ್ಲಿ ನಿಂತ ದ್ರವದ ಮೇಲೆ ನೀರು ಬಿದ್ದರೆ ಅದು ಇನ್ನಷ್ಟು ಜೋರಾಗಿ ಆವಿಯಾಗುತ್ತದೆ. ಈ ವ್ಯತ್ಯಾಸ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಮೂರನೆಯ ಚೀಟಿ: ‘ಸೈರನ್ ಕೂಗಿತು.’ ಹೆಂಗಸರತ್ತ ತಿರುಗಿ, “ಅಮ್ಮಾ, ನೀವೆಲ್ಲ ಈಗ ಎಲ್ಲಿ?” ಎಂದೆ. ಇಬ್ಬರಲ್ಲಿ ಹಿರಿಯಾಕೆ ಅಂಗಳದ ಬೀಜಗಳನ್ನೆಲ್ಲ ಅಂಗೈ ಅಂಚಿನಿಂದ ಬಳಿದು, ಕಂಪ್ರೆಸರ್ ಕೋಣೆಯ ಹಿಂದಿನ ಬೇವಿನ ಮರದಡಿಗೆ ಜರುಗಿಸಿದರು. “ಸೈರನ್ ಕೂಗಿದರೆ ಊಟಕ್ಕೆ ತಾನೇ ಸ್ವಾಮಿ? ನೆರಳಿರುವುದು ಅಲ್ಲೇ.”

ಊಟಕ್ಕೂ ಅಪಾಯಕ್ಕೂ ನಮ್ಮಲ್ಲಿ ಒಂದೇ ಸೈರನ್. ಅಷ್ಟು ವರ್ಷ ದಿನಾ ಅದನ್ನು ಕೇಳಿ ನಾನೂ ಡಬ್ಬಿ ಬಿಚ್ಚಿದವನೇ. ಸಾಹುಕಾರರು ಮೂಲೆಯಿಂದ ಬಾಯಿ ತೆರೆದರು. ನಾನು ಕೈ ಎತ್ತಿದೆ, ಸುಮ್ಮನಾದರು.

ಉಳಿದ ಚೀಟಿಗಳು ಬೇಗ ಮುಗಿದವು. 112ಕ್ಕೆ ಫೋನ್ ಮಾಡುವ ವಾಚ್‌ಮನ್‌ಗೆ ನಮ್ಮ ವಿಳಾಸ ಸರಿಯಾಗಿ ಹೇಳಲು ಬರಲಿಲ್ಲ. ಹಿಂದಿನ ಗೇಟಿನ ಬೀಗದ ಕೈ ಸಾಹುಕಾರರ ಮನೆಯಲ್ಲಿತ್ತು. ಯಾರನ್ನೂ ಬೈಯಲಿಲ್ಲ. ಬೈದರೆ ಮುಂದಿನ ಸಲ ಎಲ್ಲರೂ ಸರಿಯುತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಆ ಬೇವಿನ ಮರ ಯಾರ ಬಾಯಲ್ಲೂ ಬರುವುದಿಲ್ಲ.

ಎದ್ದು ಹೋಗುವ ಮೊದಲೇ, ಕಾಫಿ ಕುಡಿಯುತ್ತಾ ಒಂಬತ್ತು ಕೆಲಸಗಳ ಪಟ್ಟಿ ಮಾಡಿದೆವು. ಪ್ರತಿಯೊಂದರ ಮುಂದೆ ಒಬ್ಬರ ಹೆಸರು, ಒಂದು ತಾರೀಖು. ‘ಆಡಳಿತ’ ಎಂದು ಬರೆಯಲು ಹೊರಟ ಗುಮಾಸ್ತನಿಗೆ, ಆಡಳಿತ ಎಂಬ ಹೆಸರಿನವರು ಇಲ್ಲಿ ಯಾರೂ ಕೆಲಸಕ್ಕಿಲ್ಲ ಎಂದೆ. ಬೀರು ಅಂದೇ ಸಂಜೆ ಹೊರಗೆ ಬಂತು. ಗಾಳಿಯ ದಿಕ್ಕು ತೋರುವ ಬಟ್ಟೆಚೀಲ ಚಾವಣಿ ಏರಿತು. ಅದನ್ನು ನೋಡಿ ಗಾಳಿಗೆ ಅಡ್ಡವಾಗಿ ಹೊರಡುವುದನ್ನು ಎಲ್ಲರಿಗೂ ನಡೆಸಿಯೇ ತೋರಿಸಿದೆವು. ಊಟಕ್ಕೆ ಈಗ ವಾಚ್‌ಮನ್ ಶಾಲೆಯ ಗಂಟೆಯಂತೆ ರೈಲುಕಂಬಿಯ ತುಂಡು ಬಾರಿಸುತ್ತಾನೆ.

ಎರಡು ತಿಂಗಳ ಬಳಿಕ ಮತ್ತೆ ಬೀಜ ಹರಡಿದೆವು. ಸೈರನ್ ಚೀಟಿ ಓದಿದೊಡನೆ ಅದೇ ಹಿರಿಯಾಕೆ ಬೀಜಗಳನ್ನು ಮುಂದಿನ ಗೇಟಿನತ್ತ ತಳ್ಳಲು ಹೋಗಿ, ಅರ್ಧಕ್ಕೇ ಕೈ ತಡೆದರು.

“ಕರೆಂಟ್ ಹೋಗಿದ್ದರೆ ಅದು ಕೂಗುತ್ತದೆಯೇ?”

ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ಕೈಯಲ್ಲಿ ತಿರುಗಿಸುವ ಸೈರನ್ ಒಂದನ್ನು ತರುವುದು ಪಟ್ಟಿಯ ಹತ್ತನೆಯ ಕೆಲಸವಾಯಿತು. ಮುಂದೆ ಬರೆದದ್ದು ನನ್ನ ಹೆಸರನ್ನೇ.