ಆಲ್ಬಸ್: ಲ್ಯಾಟಿನ್ನಿನ ಒಂದು ಗುಣವಾಚಕವನ್ನು ಬಳಸುವ ಬಗೆ

ಶ್ರೀಗಂಧದ ಶಾಸ್ತ್ರೀಯ ಹೆಸರು ಸ್ಯಾಂಟಲಮ್ ಆಲ್ಬಮ್. ರೇಷ್ಮೆ ಹುಳುವಿಗೆ ಮೇವಾಗುವ ಹಿಪ್ಪುನೇರಳೆಯದು ಮೋರಸ್ ಆಲ್ಬಾ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಪ್ರಕಟಿಸಿದ ಈ ಎರಡೂ ಹೆಸರುಗಳ ಕೊನೆಯಲ್ಲಿರುವುದು ‘ಬಿಳಿ’ ಎಂಬರ್ಥದ ಒಂದೇ ಪದ, ಆಲ್ಬಸ್. ರೂಪ ಮಾತ್ರ ಬೇರೆ.

ಬಿಳಿ ಕುದುರೆ, ಬಿಳಿ ಹೂವು, ಬಿಳಿ ಹೂವುಗಳಲ್ಲಿ ಎಂದು ಹೇಗೆ ಹೇಳಿದರೂ ಕನ್ನಡದ ‘ಬಿಳಿ’ ಕದಲುವುದಿಲ್ಲ. ಲ್ಯಾಟಿನ್ನಿನಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸಲೇಬೇಕು. ಸಂಸ್ಕೃತದ ಶ್ವೇತಃ, ಶ್ವೇತಾ, ಶ್ವೇತಮ್ ಬಲ್ಲವರಿಗೆ ಇದು ಹೊಸತೆನಿಸದು. ನಿಘಂಟಿನಲ್ಲಿ ಕಾಣುವ ಆಲ್ಬಸ್, ಆಲ್ಬಾ, ಆಲ್ಬಮ್ ಎಂಬವು ಕ್ರಮವಾಗಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗದ ಪ್ರಥಮಾ ಏಕವಚನಗಳು.

ಮೊದಲು ನಾಮಪದದ ಲಿಂಗವನ್ನು ನಿಘಂಟಿನಲ್ಲಿ ನೋಡಬೇಕು. ಅದರ ಅಂತ್ಯಾಕ್ಷರವನ್ನು ನಂಬಬಾರದು. ಎಕ್ವಸ್ ಆಲ್ಬಸ್ ಎಂದರೆ ಬಿಳಿ ಕುದುರೆ, ರೋಸಾ ಆಲ್ಬಾ ಎಂದರೆ ಬಿಳಿ ಗುಲಾಬಿ. ಇಲ್ಲಿಯವರೆಗೆ ಪ್ರಾಸ ಸರಿಯಾಗಿಯೇ ಕೂಡುತ್ತದೆ. ಮೋರಸ್ ಬಂದಾಗ ತಪ್ಪುತ್ತದೆ. ಮರಗಳ ಹೆಸರುಗಳು ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಸ್ತ್ರೀಲಿಂಗವಾದ್ದರಿಂದ, ಅಸ್‌ಕಾರದಿಂದ ಕೊನೆಗೊಂಡರೂ ಅದಕ್ಕೆ ಆಲ್ಬಾ ಎಂದೇ ಹಚ್ಚಬೇಕು. ನಾವಿಕನೆಂಬ ಅರ್ಥದ ನೌಟಾ ಇದಕ್ಕೆ ತದ್ವಿರುದ್ಧ: ಆಕಾರಾಂತವಾದರೂ ಪುಲ್ಲಿಂಗ, ಆದ್ದರಿಂದ ನೌಟಾ ಆಲ್ಬಸ್. ಮನುಷ್ಯರ ವಿಷಯದಲ್ಲಿ ಈ ಪದಕ್ಕೆ ‘ಬಿಳಿಚಿಕೊಂಡ’ ಎಂಬ ಅರ್ಥವೂ ಉಂಟಾದ್ದರಿಂದ, ಅವನು ಬಿರುಗಾಳಿ ಕಂಡು ಬಂದ ನಾವಿಕನೂ ಇರಬಹುದು.

ಬಳಿಕ ವಚನ. ಕುದುರೆಗಳು ಹಲವಾದರೆ ಎಕ್ವೀ ಆಲ್ಬೀ. ಲಿಲ್ಲಿ ಹೂವುಗಳು ಹಲವಾದರೆ ಲೀಲಿಯಾ ಆಲ್ಬಾ. ಆರಂಭಿಕರು ಎಡವುವುದು ಇಲ್ಲಿಯೇ, ಏಕೆಂದರೆ ಆಲ್ಬಾ ಎಂಬುದು ಸ್ತ್ರೀಲಿಂಗ ಏಕವಚನವೂ ಹೌದು, ನಪುಂಸಕ ಬಹುವಚನವೂ ಹೌದು. ಯಾವುದೆಂದು ಪಕ್ಕದ ನಾಮಪದವೇ ಹೇಳಬೇಕು.

ಎಲ್ಲ ಬಿಳುಪಿಗೂ ಈ ಪದ ಒಪ್ಪುವುದಿಲ್ಲ. ಆಲ್ಬಸ್ ಹೊಳಪಿಲ್ಲದ ಬಿಳಿ. ಥಳಥಳಿಸುವ ಬಿಳಿಗೆ ಕ್ಯಾಂಡಿಡಸ್ ಎನ್ನುತ್ತಿದ್ದರು. ಪದವಿಯನ್ನು ಬಯಸಿದ ರೋಮನ್ನರು ಸೀಮೆಸುಣ್ಣ ಹಚ್ಚಿ ಬೆಳಗಿಸಿದ ಟೋಗಾ ಎಂಬ ಮೇಲುವಸ್ತ್ರ ಉಟ್ಟು ಮತ ಕೇಳುತ್ತಿದ್ದುದರಿಂದಲೇ ‘ಕ್ಯಾಂಡಿಡೇಟ್’ ಹುಟ್ಟಿತು.

ನಾಮಪದವಿಲ್ಲದೆ ನಪುಂಸಕ ರೂಪವನ್ನಷ್ಟೇ ಬಳಸಿದರೆ ಅದೇ ನಾಮಪದವಾಗುತ್ತದೆ. ರೋಮಿನಲ್ಲಿ ಪ್ರೇಟರ್ ಎಂಬ ಅಧಿಕಾರಿಯ ಶಾಸನಗಳನ್ನು ಬರೆದು ತೂಗುಹಾಕುತ್ತಿದ್ದ, ಬಿಳಿ ಬಳಿದ ಹಲಗೆಗೆ ಆಲ್ಬಮ್ ಎಂದೇ ಹೆಸರು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿರುವುದೂ ಅದೇ ನಪುಂಸಕ ಪ್ರತ್ಯಯ.