ಚೌಕಿಯ ಕತ್ತಲು ಬೂದಿಯಾದಾಗ

ಯಕ್ಷಗಾನದ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ತೆಗೆದ ಫೋಟೊ ಅದು. ವೇಷಧಾರಿಯೊಬ್ಬರು ಕೈಗನ್ನಡಿ ಹಿಡಿದು ಕಣ್ಣಿಗೆ ಕಪ್ಪು ತೀಡುತ್ತಿದ್ದಾರೆ. ಹಿಂದೆಲ್ಲ ಕತ್ತಲು. ಒಳ್ಳೆಯ ಪ್ರಿಂಟ್ ಅಂದ್ರೆ ಕಾಟನ್ ಪೇಪರೇ ಅಂತ ಕೇಳಿದ್ದೆ. 308 ಜಿಎಸ್‌ಎಂ ತೂಕದ, ಹೊಳಪಿಲ್ಲದ ಮ್ಯಾಟ್ ಕಾಟನ್ ಹಾಳೆ ತರಿಸಿ, ಇಂಕ್‌ಜೆಟ್‌ಗೆ ಹಾಕಿದೆ. ಕತ್ತಲಿದ್ದ ಜಾಗದಲ್ಲಿ ಒಲೆಬೂದಿ ಬಣ್ಣ ಬಂತು!

ತಪ್ಪು ಪೇಪರಿನದಲ್ಲ, ನನ್ನದು. ಮ್ಯಾಟ್ ಮೇಲ್ಮೈ ಒರಟು, ಬಿದ್ದ ಬೆಳಕನ್ನು ಎಲ್ಲ ಕಡೆ ಚೆದುರಿಸುತ್ತದೆ. ಅದರಲ್ಲೊಂದು ಪಾಲು ನಮ್ಮ ಕಣ್ಣಿಗೂ ಬರುತ್ತದೆ, ಕಪ್ಪು ತಿಳಿಯಾಗುತ್ತದೆ. ಕಪ್ಪಿನ ಗಾಢತೆಯ ಅಳತೆಗೆ ಡಿ-ಮ್ಯಾಕ್ಸ್ ಅನ್ನುತ್ತಾರೆ. ಮ್ಯಾಟ್‌ನಲ್ಲಿ ಅದು ಸುಮಾರು 1.6, ಬ್ಯಾರಿಟಾ ಅನ್ನುವ ಹೊಳಪಿನ ಪೇಪರ್ ಒಳ್ಳೆಯದಿದ್ದರೆ ಅದರಲ್ಲಿ 2.2ರ ಆಸುಪಾಸು. ವ್ಯತ್ಯಾಸ ಸಣ್ಣದು ಅನ್ನಿಸುತ್ತೆ, ಅಲ್ವಾ? ಆದರೆ ಇದು ಲಾಗರಿದಮ್ ಲೆಕ್ಕ. ಮ್ಯಾಟ್‌ನ ಕಪ್ಪು ನಾಲ್ಕು ಪಟ್ಟು ಜಾಸ್ತಿ ಬೆಳಕನ್ನು ವಾಪಸ್ ಕಳಿಸುತ್ತದೆ.

ಹಾಗಂತ ಬ್ಯಾರಿಟಾ ಎಲ್ಲದಕ್ಕೂ ಆಗುವುದಿಲ್ಲ. ಆಗುಂಬೆಯ ಮಂಜಿನ ಚಿತ್ರವೊಂದನ್ನು ಅದರಲ್ಲಿ ಪ್ರಿಂಟ್ ಮಾಡಿದೆ. ಮದುವೆ ಆಲ್ಬಮ್ಮಿನ ಹಾಳೆಯಂತೆ ಕಂಡಿತು, ಮೇಲೆ ಟ್ಯೂಬ್‌ಲೈಟಿನ ಗೆರೆ ಬೇರೆ. ಅದೇ ಮಂಜು ಮ್ಯಾಟ್‌ನಲ್ಲಿ ತಣ್ಣಗೆ ಕೂತಿತು. ಅಲ್ಲಿ ಗಾಢ ಕಪ್ಪು ಬೇಕಾಗಿಯೇ ಇರಲಿಲ್ಲ.

ಈಗ ಸ್ಯಾಂಪಲ್ ಪ್ಯಾಕ್ ತರಿಸುತ್ತೇನೆ. ಚಿತ್ರದ ಅತಿ ಕಪ್ಪು, ಅತಿ ಬಿಳಿ ಭಾಗ ಎರಡೂ ಇರುವ ಪಟ್ಟಿಯನ್ನಷ್ಟೇ ಪ್ರಿಂಟ್ ಮಾಡಿ, ಒಂದು ದಿನ ಒಣಗಲು ಬಿಟ್ಟು, ಫೋಟೊ ತೂಗುಹಾಕುವ ಗೋಡೆಗೇ ಅಂಟಿಸಿ ನೋಡುತ್ತೇನೆ. ಮ್ಯಾಟ್‌ಗೆ ಮ್ಯಾಟ್ ಬ್ಲ್ಯಾಕ್, ಬ್ಯಾರಿಟಾಗೆ ಫೋಟೊ ಬ್ಲ್ಯಾಕ್ ಇಂಕ್, ಜೊತೆಗೆ ಆಯಾ ಪೇಪರಿಗೆ ಬಣ್ಣ ಹೊಂದಿಸುವ ಫೈಲು, ಅಂದ್ರೆ ಪ್ರೊಫೈಲ್. ಇದು ತಪ್ಪಿದರೆ ಉಳಿದದ್ದೆಲ್ಲ ದಂಡ.

ನೋಟು ನೋಡುವ ಯುವಿ ಟಾರ್ಚ್ ಕೂಡ ಇಟ್ಟುಕೊಂಡಿದ್ದೇನೆ. ಅದರ ಬೆಳಕಿಗೆ ಪೇಪರ್ ನೀಲಿಯಾಗಿ ಹೊಳೆದರೆ ಬಿಳುಪು ಹೆಚ್ಚಿಸುವ ರಾಸಾಯನಿಕ, ಬ್ರೈಟ್ನರ್, ಸೇರಿಸಿದ್ದಾರೆ ಅಂತ ಅರ್ಥ. ವರ್ಷಗಳು ಕಳೆದಂತೆ ಆ ಹೊಳಪು ಇಳಿದು ಬಿಳಿ ಹಳದಿಗೆ ತಿರುಗುತ್ತದೆ. ಮುಖಗಳಿಗೆ ನಾನು ಅಂಥದ್ದನ್ನು ಬಳಸುವುದಿಲ್ಲ.

ಒಂದು ಸಲ ಹಾಳೆಯನ್ನು ಉಲ್ಟಾ ಹಾಕಿ, ಇಂಕು ಒತ್ತುಕಾಗದದ ಮೇಲಿನ ಶಾಯಿಯಂತೆ ಹರಡಿತ್ತು. ಈಗ ಒದ್ದೆ ಬೆರಳನ್ನು ಮೂಲೆಗೆ ಮುಟ್ಟಿಸುತ್ತೇನೆ. ಅಂಟಿದ ಬದಿಯೇ ಇಂಕು ಹಿಡಿದಿಡುವ ಲೇಪನದ ಬದಿ.

ಚೌಕಿಯ ಫೋಟೊ ಕೊನೆಗೆ ಬ್ಯಾರಿಟಾದಲ್ಲಿ ಬಂತು. ಬೂದಿಯಲ್ಲಿ ಕಲಸಿಹೋಗಿದ್ದ ಮೂಲೆಯಲ್ಲಿ, ಪೆಟ್ಟಿಗೆಯ ಮೇಲಿಟ್ಟ ಕಿರೀಟದ ಅಂಚು ಕಂಡಿತು. ಅದು ಅಲ್ಲಿತ್ತು ಅಂತ ತೆಗೆದ ನನಗೇ ನೆನಪಿರಲಿಲ್ಲ.