ನ್ಯುಮೋನಿಯಾ ಇದೆಯಾ? ಎದೆ ಪರೀಕ್ಷೆ ನಡೆಯುವುದು ಹೀಗೆ

ಮಗುವಿಗೆ ಕೆಮ್ಮು, ಜ್ವರ. ಕಫ ಕಟ್ಟಿದೆ, ಸುಮ್ನೆ ಒಂದು ಸಿರಪ್ ಕೊಟ್ಟರೆ ಸಾಕು ಎಂದುಕೊಳ್ಳುತ್ತೇವೆ ಅಲ್ವಾ? ಅದಕ್ಕೂ ಮೊದಲು, ನ್ಯುಮೋನಿಯಾ (ಶ್ವಾಸಕೋಶದ ಸೋಂಕು) ಇದೆಯಾ ಎಂದು ಮಗುವಿನ ಎದೆ ನೋಡಿ. ಸ್ಟೆತಾಸ್ಕೋಪ್ ಇಲ್ಲದೆಯೂ ತುಂಬಾ ತಿಳಿಯುತ್ತದೆ.

ಮೊದಲು ಉಸಿರು ಎಣಿಸಬೇಕು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಲೆಕ್ಕ. ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ವೇಗದ ಉಸಿರು. ಅವತ್ತೇ ಡಾಕ್ಟರಿಗೆ ತೋರಿಸಿ. 2 ತಿಂಗಳೊಳಗಿನ ಕೂಸಾದರೆ ಇನ್ನೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಆಮೇಲೆ ಪಕ್ಕೆಯ ಕೆಳಭಾಗ ನೋಡಿ. ಉಸಿರು ಎಳೆದಾಗ ಎದೆ, ಹೊಟ್ಟೆ ಎರಡೂ ಉಬ್ಬಬೇಕು. ಹೊಟ್ಟೆ ಉಬ್ಬಿ, ಪಕ್ಕೆಯ ಕೆಳಗೆ ಪ್ರತಿ ಉಸಿರಿಗೂ ಗುಂಡಿ ಬೀಳುತ್ತಿದ್ದರೆ ಮಗು ಉಸಿರಿಗಾಗಿ ಒದ್ದಾಡುತ್ತಿದೆ ಎಂದರ್ಥ. ಹೀಗಿದ್ದರೆ, ಇಲ್ಲವೇ ಹಾಲು ನೀರು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾಗಿದ್ದರೆ, ಇವುಗಳಲ್ಲಿ ಒಂದೇ ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಓಡಿ.

ಮುಂದಿನದು ಡಾಕ್ಟರ ಕೆಲಸ. ದೊಡ್ಡವರನ್ನು ಪರೀಕ್ಷಿಸುವಾಗ ಎಡಗೈ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಒತ್ತಿಟ್ಟು, ಬಲಗೈ ನಡುಬೆರಳಿನಿಂದ ತಟ್ಟುತ್ತಾರೆ. ಗಾಳಿ ತುಂಬಿದ ಶ್ವಾಸಕೋಶದಿಂದ ಟೊಳ್ಳು ಸದ್ದು ಬರುತ್ತದೆ. ಸೋಂಕಿನಿಂದ ಗಟ್ಟಿಯಾದ ಜಾಗದಲ್ಲಿ ಸದ್ದು ಮಂಕು. ‘ಒಂದು, ಒಂದು’ ಎಂದು ಹೇಳಿಸಿ ಸ್ಟೆತಾಸ್ಕೋಪಿನಲ್ಲಿ ಕೇಳಿದಾಗ ಅದೇ ಜಾಗದಲ್ಲಿ ನಮ್ಮ ದನಿ ಹೆಚ್ಚು ಜೋರಾಗಿ, ಸ್ಪಷ್ಟವಾಗಿ ಕೇಳುತ್ತದೆ. ಇನ್ನೊಂದು ಗುರುತು ಉಸಿರಿನ ಚರಚರ ಸದ್ದು. ಕಿವಿಯ ಪಕ್ಕದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿ, ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಬೆನ್ನಿಗೂ ಸ್ಟೆತಾಸ್ಕೋಪ್ ಇಡಲೇಬೇಕು. ಶ್ವಾಸಕೋಶದ ಕೆಳಭಾಗ ಚೆನ್ನಾಗಿ ಕೇಳುವುದು ಅಲ್ಲೇ. ಅಂಗಿ ತೆಗೆಯಲು ಸಂಕೋಚ ಬೇಡ, ಬಟ್ಟೆ ಉಜ್ಜಿದ ಸದ್ದೂ ದಾರಿ ತಪ್ಪಿಸುತ್ತದೆ.

ಇಷ್ಟಾದರೂ ಕೆಲವರ ಎದೆಯಲ್ಲಿ ಯಾವ ಸದ್ದೂ ಸಿಗುವುದಿಲ್ಲ. ಅನುಮಾನ ಉಳಿದರೆ ಎಕ್ಸ್‌ರೇ ಬೇಕು. ವಯಸ್ಸಾದವರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅವರಿಗೆ ಜ್ವರವೇ ಬರದಿರಬಹುದು. ಅಜ್ಜ ಇದ್ದಕ್ಕಿದ್ದಂತೆ ಗೊಂದಲದಲ್ಲಿ ಏನೇನೋ ಮಾತಾಡುತ್ತಿದ್ದರೆ, ಊಟ ಬಿಟ್ಟಿದ್ದರೆ, ಅವರ ಉಸಿರನ್ನೂ ಒಂದು ನಿಮಿಷ ಎಣಿಸಿ, ಕಾಯದೆ ಡಾಕ್ಟರಿಗೆ ತೋರಿಸಿ.